ನೀರಿನ ಲೆಕ್ಕ ಬಲ್ಲವರು ನಮ್ಮಲ್ಲೂ ಬೇಕು

ಸಿಇಟಿ ಫಲಿತಾಂಶ ಬಂದ ದಿನದಿಂದ ಸೀಟು ಹಂಚಿಕೆ ಮುಗಿಯುವ ತನಕ ನಮ್ಮ ಮನೆಗಳಲ್ಲಿ ಒಂದೇ ಮಾತು: ಕಂಪ್ಯೂಟರ್ ಸಯನ್ಸ್ ಸಿಕ್ಕಿತಾ, ಇಲ್ಲವಾ? ಸಿಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು? ಹುಡುಗ ಸಿವಿಲ್ ಅಂತ ಬಾಯಿ ಬಿಟ್ಟರೆ ಸಾಕು, "ಬಿಸಿಲಲ್ಲಿ ನಿಂತು ಮೇಸ್ತ್ರಿ ಕೆಲಸ ಮಾಡ್ಲಿಕ್ಕೆ ಇಷ್ಟು ಓದಬೇಕಾ?" ಎಂದು ತಂದೆಯಿಂದ ಹಿಡಿದು ಗಲ್ಫಿನಲ್ಲಿರುವ ಮಾವನ ತನಕ ಎಲ್ಲರೂ ಕೇಳುತ್ತಾರೆ. ಹಾಗೂ ಹೀಗೂ ಸಿವಿಲ್ ಸೇರಿದವನು ಮನೆಯ ಪ್ಲಾನು, ಕಾಂಕ್ರೀಟು, ಕಂಬ-ಬೀಮುಗಳ ಲೆಕ್ಕವನ್ನು ಮನಸ್ಸಿಟ್ಟು ಕಲಿಯುತ್ತಾನೆ. ಜಲವಿಜ್ಞಾನ ಮತ್ತು ಹೈಡ್ರಾಲಿಕ್ಸ್ ಮಾತ್ರ ಪಾಸಾದರೆ ಸಾಕು ಎನ್ನುವ ವಿಷಯಗಳಾಗಿ ಉಳಿಯುತ್ತವೆ. ಆದರೆ ಇವುಗಳ ಬೆಲೆ ಅಷ್ಟು ಸಣ್ಣದಲ್ಲ.

ಮದ್ರಸದಲ್ಲಿ ಪಾಠ ಹೇಳುವವರಿಗೆ ಎಂಜಿನಿಯರಿಂಗಿನ ಉಸಾಬರಿ ಎಂತಕ್ಕೆ ಎಂದು ಕೇಳಬಹುದು. ನಾವು ಪಿಯುಸಿ ಮತ್ತು ದೀನೀ ವಿದ್ಯೆ ಕಲಿತವರು, ಸರಿ. ಆದರೆ ನೀರಿನ ಅಳತೆ ಮದ್ರಸಕ್ಕೆ ಹೊಸದೇನಲ್ಲ. ಶುದ್ಧಿಯ ಪಾಠದಲ್ಲಿ ಎರಡು ಖುಲ್ಲತ್ ನೀರು ಅಂದರೆ ಎಷ್ಟು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 200 ಲೀಟರ್. ಇನ್ನು ಪತ್ರಿಕೆಯಲ್ಲಿ ಬರುವ 'ಕ್ಯುಸೆಕ್' ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗೆ ಸ್ವಲ್ಪ ಹೆಚ್ಚು. ಒಂದು ಕ್ಯುಸೆಕ್ ಹರಿವು ಏಳು ಸೆಕೆಂಡಿನಲ್ಲಿ ಎರಡು ಖುಲ್ಲತ್ ತುಂಬಿಸುತ್ತದೆ. ಈಗ ಲಕ್ಷ ಕ್ಯುಸೆಕ್ ಎಂಬ ಸುದ್ದಿಯನ್ನು ಓದಿ ನೋಡಿ.

ಈ ಮಾತಿಗೆ ನಮ್ಮ ರಾಜ್ಯದಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ನಿಪ್ಪಾಣಿಯ ಹೆಸರು ಬೀಡಿ ಕಟ್ಟುವ ನಮ್ಮ ಹೆಂಗಸರಿಗೆ ಹೊಗೆಸೊಪ್ಪಿನ ಮಾತಿನಲ್ಲಿ ಕಿವಿಗೆ ಬಿದ್ದದ್ದೇ. ಬೆಳಗಾವಿ ಜಿಲ್ಲೆಯ ಈ ಗಡಿ ತಾಲೂಕುಗಳಿಗೆ ಮಹಾರಾಷ್ಟ್ರದಿಂದ ಕೃಷ್ಣೆ ಬರುತ್ತಾಳೆ. ಅದಕ್ಕೂ ಮೊದಲು ವಾರಣಾ, ಪಂಚಗಂಗಾ ನದಿಗಳು ಅವಳನ್ನು ಸೇರಿರುತ್ತವೆ. ವೇದಗಂಗೆಯ ನೀರು ಹೊತ್ತ ದೂಧಗಂಗೆ ಚಿಕ್ಕೋಡಿ ತಾಲೂಕಿನಲ್ಲಿ ಬಂದು ಕೂಡುತ್ತದೆ. ಮಳೆ ಸುರಿಯುವುದು ದೂರದ ಮಹಾಬಳೇಶ್ವರ, ಕೊಯ್ನಾ ಕಡೆಯ ಘಟ್ಟದಲ್ಲಿ, ಮುಳುಗುವುದು ಇಲ್ಲಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಅಥಣಿಯಲ್ಲಿ ಅದರ ಹತ್ತರಲ್ಲಿ ಒಂದರಷ್ಟು. ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಮನೆಯೊಳಗೆ ನೀರು ನುಗ್ಗುವ ಊರುಗಳು ಇವು.

2019ನೇ ಇಸವಿಯನ್ನೇ ನೋಡಿ. ಆ ಮೇ ತಿಂಗಳಲ್ಲಿ ಅಲ್ಲಿ ಕೃಷ್ಣೆಯ ಒಡಲು ಬತ್ತಿ, ಕೊಯ್ನಾದಿಂದ ಕುಡಿಯುವ ನೀರು ಬಿಡಿ ಎಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ನದಿ ಊರೂರುಗಳನ್ನು ನುಂಗಿತು. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದ್ ಆಯಿತು. ಕೆಳಗೆ ಆಲಮಟ್ಟಿಯಿಂದ 5 ಲಕ್ಷಕ್ಕೂ ಹೆಚ್ಚು ಕ್ಯುಸೆಕ್ ನೀರು ಬಿಡಬೇಕಾಯಿತು. 5 ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 43 ಟಿಎಂಸಿ. 123 ಟಿಎಂಸಿಯ ಆಲಮಟ್ಟಿಯ ಮೂರನೇ ಒಂದು ಪಾಲು ಒಂದೇ ದಿನದಲ್ಲಿ! ಆ ದಿನಗಳಲ್ಲಿ ನಮ್ಮ ಬೆಳ್ತಂಗಡಿ ಕಡೆಯೂ ನೆರೆಯಲ್ಲಿತ್ತು. ಅದನ್ನು ಯಾರೂ ಮರೆತಿಲ್ಲ. 2021ರ ಜುಲೈಯಲ್ಲಿ ಯಮಗರ್ಣಿಯಲ್ಲಿ ಹೆದ್ದಾರಿ ಮತ್ತೆ ಬಂದ್.

ದೊಡ್ಡ ನೆರೆ ಬಾರದ ವರ್ಷದಲ್ಲೂ ಒಂದು ಸುದ್ದಿ ತಪ್ಪುವುದಿಲ್ಲ: "ಕೆಳಹಂತದ ಸೇತುವೆಗಳು ಜಲಾವೃತ." ಕಲ್ಲೋಳ-ಯಡೂರು, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭಿವಶಿ, ಅಕ್ಕೋಳ-ಸಿದ್ನಾಳ. ಜುಲೈ ಬಂದರೆ ಈ ಹೆಸರುಗಳು ಪತ್ರಿಕೆಯಲ್ಲಿ ಬರುತ್ತವೆ. ಬೇಸಿಗೆಗೆ ನೀರು ನಿಲ್ಲಿಸುವ ಒಡ್ಡಿನ ಮೇಲೆಯೇ ದಾರಿ ಮಾಡಿದ ಬ್ಯಾರೇಜುಗಳು ಇವುಗಳಲ್ಲಿವೆ. ಮಳೆಗಾಲದಲ್ಲಿ ನೀರು ಮೇಲಿಂದ ಹೋಗಲಿ ಎಂದೇ ತಗ್ಗಾಗಿ ಕಟ್ಟಿದ್ದು. ಕಟ್ಟುವಾಗ ಅದರಲ್ಲಿ ಒಂದು ಲೆಕ್ಕವಿತ್ತು, ಖರ್ಚೂ ಕಡಿಮೆ. ಆದರೆ ಇಂದು ಅದೇ ದಾರಿಯಲ್ಲಿ ಹೆರಿಗೆಗೆ ಹೋಗುವ ಹೆಂಗಸಿದ್ದಾಳೆ, ಕಾಲೇಜಿಗೆ ಹೋಗುವ ಹುಡುಗಿಯಿದ್ದಾಳೆ, ಕಬ್ಬಿನ ಗಾಡಿಯಿದೆ. ಎಷ್ಟು ಎತ್ತರಕ್ಕೆ ಏರಿಸಬೇಕು, ಎಷ್ಟು ಕಣ್ಣು ಬಿಡಬೇಕು, ಎರಡೂ ಬದಿಯಲ್ಲಿ ಮಣ್ಣಿನ ದಿಬ್ಬ ಹಾಕಿ ರಸ್ತೆ ಮಾಡಿದರೆ ಆ ದಿಬ್ಬವೇ ಅಣೆಕಟ್ಟಾಗಿ ಮೇಲಿನ ಹಳ್ಳಿಯನ್ನು ಮುಳುಗಿಸದೇ? ಇದಕ್ಕೆ ಉತ್ತರ ಶಾಸಕರ ಭರವಸೆಯಲ್ಲಿ ಇಲ್ಲ, ಗುತ್ತಿಗೆದಾರರ ಅನುಭವದಲ್ಲೂ ಇಲ್ಲ. ನಮ್ಮ ಮಕ್ಕಳು ದಾಟಿಬಿಡುವ ಆ ಎರಡು ವಿಷಯಗಳಲ್ಲಿದೆ.

ಆ ಪಾಠದ ತಿರುಳು ಮೂರು ಪ್ರಶ್ನೆ. ಎಷ್ಟು ನೀರು ಬರುತ್ತದೆ? ಯಾವಾಗ ಬರುತ್ತದೆ? ಬಂದಾಗ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ? ಮೊದಲ ಎರಡಕ್ಕೆ ಜಲವಿಜ್ಞಾನ ಉತ್ತರ ಕೊಡುತ್ತದೆ: ಜಲಾನಯನದ ವಿಸ್ತಾರ, ಮಳೆಯ ರಭಸ, ಮಣ್ಣು ಹೀರುವ ಪ್ರಮಾಣ, ಮೇಲಿಂದ ಕೆಳಗೆ ಬರಲು ಹಿಡಿಯುವ ಗಂಟೆಗಳು. ಮೂರನೆಯದು ಹೈಡ್ರಾಲಿಕ್ಸಿನ ಕೆಲಸ: ನದಿಯ ಅಗಲ, ಇಳಿಜಾರು, ತಳದ ಒರಟುತನ. ಅದೇ ನೀರು ನುಣುಪಾದ ಕಾಲುವೆಯಲ್ಲಿ ಬೇಗ ಸಾಗುತ್ತದೆ. ಗಿಡಗಂಟಿ ಬೆಳೆದ ಹೊಳೆಯಲ್ಲಿ ನಿಧಾನವಾಗಿ ಏರುತ್ತದೆ.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಮಾತನ್ನೂ ಇಲ್ಲಿಯೇ ಸರಿಯಾಗಿ ಕಲಿಯುವುದು. ಒಮ್ಮೆ ಬಂತು, ಇನ್ನು ನೂರು ವರ್ಷ ನೆಮ್ಮದಿ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರರಲ್ಲಿ ಒಂದು ಎಂದಷ್ಟೇ ಅರ್ಥ. ಅಂಥ ಜಾಗದಲ್ಲಿ ಮನೆ ಕಟ್ಟಿ 30 ವರ್ಷ ಬಾಳಿದರೆ, ಆ ಅವಧಿಯಲ್ಲಿ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ನೂರಕ್ಕೆ 26. ಸಾಲ ಮಾಡಿ ಹೊಳೆ ಬದಿ ಮನೆ ಕಟ್ಟುವ ಮೊದಲು ಈ ಒಂದು ಸಂಖ್ಯೆ ತಿಳಿದಿರಬೇಡವೇ?

ಈ ವಿದ್ಯೆ ಇಲ್ಲದಿದ್ದರೆ ನಮ್ಮ ಪಾಲನ್ನು ನಾವೇ ವಾದಿಸಲಾರೆವು. ಆಲಮಟ್ಟಿಯನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಹಿನ್ನೀರಿನಿಂದ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಎಂಬುದು ಮಹಾರಾಷ್ಟ್ರದ ತಕರಾರು. ಹೌದೋ ಅಲ್ಲವೋ ಎಂಬುದು ಘೋಷಣೆ ಕೂಗಿ ಇತ್ಯರ್ಥ ಆಗುವ ಪ್ರಶ್ನೆಯಲ್ಲ. ನದಿಯನ್ನು ತುಂಡು ತುಂಡಾಗಿ ಅಳೆದು, ಪ್ರತಿ ತುಂಡಿನಲ್ಲಿ ನೀರಿನ ಮಟ್ಟ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಬೇಕು. ನಡುವಿನಲ್ಲಿ ಹಿಪ್ಪರಗಿ ಬ್ಯಾರೇಜೂ ಇದೆ. ಸಾಂಗ್ಲಿಯ ಮುಳುಗಡೆಯ ಮಾತಿನ ಗದ್ದಲದಲ್ಲಿ ಅಥಣಿ, ರಾಯಬಾಗದ ಹೊಳೆ ದಂಡೆಯ ಬಡವನ ಮಾತು ಕೇಳಿಸಬೇಕಾದರೆ, ಆ ಲೆಕ್ಕ ಓದಬಲ್ಲವರು ಆ ಊರುಗಳಲ್ಲೇ ಹುಟ್ಟಬೇಕು.

ನೆರೆ ಇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಕೃಷ್ಣಾ ತೀರದ ಕಪ್ಪು ಮಣ್ಣಿಗೆ ಅತಿಯಾಗಿ ನೀರು ಹಾಯಿಸಿ ಕಬ್ಬು ಬೆಳೆದು ಸವಳು-ಜವಳಾದ ಹೊಲಗಳಿವೆ. ನೆಲದಡಿ ಪೈಪು ಹಾಕಿ ನೀರು ಬಸಿಯುವಂತೆ ಮಾಡುವುದೂ ಇದೇ ವಿದ್ಯೆಯ ಒಂದು ಶಾಖೆ. ಅತ್ತ ನದಿಯಿಂದ ದೂರದ ಒಣ ಹಳ್ಳಿಗಳಿಗೆ ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಂಥ ಯೋಜನೆಗಳಲ್ಲಿ ನೀರು ಎತ್ತಬೇಕು. ಪೈಪಿನ ಗಾತ್ರ, ಪಂಪಿನ ಶಕ್ತಿ ತಪ್ಪಿದರೆ ಕರೆಂಟು ಬಿಲ್ಲೇ ಯೋಜನೆಯನ್ನು ನುಂಗಿಬಿಡುತ್ತದೆ.

ಇದು ನಮ್ಮ ಹಿರಿಯರಿಗೆ ಪರಕೀಯ ವಿದ್ಯೆಯೂ ಆಗಿರಲಿಲ್ಲ. ಕೈರೋದ ರೌದಾ ದ್ವೀಪದಲ್ಲಿ 861ರಲ್ಲಿ ನೈಲ್ ನದಿಯ ಮಟ್ಟ ಅಳೆಯುವ ಕಂಬ ನಿಂತಿತು. ಅದರ ಕೆಲಸ ನೋಡಿಕೊಂಡವರು ಖಗೋಳಶಾಸ್ತ್ರಜ್ಞ ಅಲ್-ಫರ್ಗಾನಿ. ನೀರು ಎಷ್ಟು ಏರಿತು ಎಂಬುದರ ಮೇಲೆ ಆ ವರ್ಷದ ಬೆಳೆ, ಕಂದಾಯ ಎಲ್ಲವನ್ನೂ ಅಂದಾಜಿಸುತ್ತಿದ್ದರು. ದೂಧಗಂಗೆಯ ದಡದ ಸದಲಗಾದಲ್ಲಿ ಕೇಂದ್ರ ಜಲ ಆಯೋಗದವರು ಇಂದು ನದಿ ಮಟ್ಟ ಅಳೆಯುವುದು ಅದೇ ಕೆಲಸದ ಮುಂದುವರಿಕೆ. ಅಥಣಿಯ ಪಕ್ಕದ ವಿಜಯಪುರದಲ್ಲಿ ಆದಿಲ್‌ಶಾಹಿಗಳು ತೊರವಿಯಿಂದ ಸುರಂಗದಲ್ಲಿ ನೀರು ತಂದರು. 1651ರ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಸಿದರು. ದಾರಿಯಲ್ಲಿ 'ಗಂಜ್' ಎಂಬ ಗೋಪುರ ಕಟ್ಟಿ ಒತ್ತಡ ತಗ್ಗಿಸಿದರು, ಕೆಸರು ಇಳಿಸಿದರು. 1908ರ ಮೂಸಿ ನೆರೆಯಿಂದ ಹೈದರಾಬಾದ್ ನಲುಗಿದಾಗ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯರನ್ನು. ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ನೀರಿನ ಲೆಕ್ಕಕ್ಕೆ ಜಾತಿ-ಧರ್ಮದ ಹಂಗಿಲ್ಲ, ಬಲ್ಲವನನ್ನು ಕರೆಯಲೇಬೇಕು.

"ಅದು ಕೃಷ್ಣೆಯ ಮಾತು, ನಮಗೆಂತ?" ಎನ್ನಬೇಡಿ. ನೇತ್ರಾವತಿಯ 1923ರ, 1974ರ ನೆರೆಗಳನ್ನು ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರ ಬಾಯಲ್ಲಿ ಕೇಳಿದ್ದೇವೆ. 2016ರ ಮೇಯಲ್ಲಿ ತುಂಬೆಯಲ್ಲಿ ನೀರು ತಳ ಕಂಡು ಮಂಗಳೂರು ಪರದಾಡಿತು. ದೊಡ್ಡ ನದಿಯ ಮಾತು ಬಿಡಿ, ನಮ್ಮ ಮೊಹಲ್ಲಾದ ತೋಡನ್ನೇ ತೆಗೆದುಕೊಳ್ಳಿ. 10 ಹೆಕ್ಟೇರ್ ಜಾಗದಲ್ಲಿ ಒಂದು ಗಂಟೆಗೆ 100 ಮಿಲಿಮೀಟರ್ ಮಳೆ ಹೊಡೆಯಿತು ಎನ್ನಿ. ತೆಂಗು-ಕಂಗಿನ ತೋಟವಾದರೆ ಹತ್ತರಲ್ಲಿ ಮೂರು ಪಾಲು ನೀರು ಹರಿದು ಬಂದೀತು. ಎರಡು ಅಡಿ ಅಗಲದ ಎರಡು ಪೈಪು ಅದನ್ನು ಸಾಗಿಸೀತು. ಅದೇ ಜಾಗಕ್ಕೆ ಮನೆ, ಅಂಗಡಿ, ಇಂಟರ್‌ಲಾಕ್ ಬಂದರೆ ಹತ್ತರಲ್ಲಿ ಒಂಬತ್ತು ಪಾಲು ಹರಿಯುತ್ತದೆ. ಆಗ ಐದು ಪೈಪು ಬೇಕು. ಇದ್ದ ಎರಡೇ ಪೈಪಿನ ಮೇಲೆ ರಸ್ತೆ ಅಗಲ ಮಾಡಿ, ಮತ್ತೆ ನೀರು ಮನೆಗೆ ಬಂತೆಂದು ಪಂಚಾಯತಿಗೆ ಬೈದರೆ ಆಯಿತಾ?

ಕೆಲಸ ಸಿಗುತ್ತದಾ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾಫ್ಟ್‌ವೇರಿನ ಮೊದಲ ಸಂಬಳ ಇಲ್ಲಿ ಸಿಗಲಿಕ್ಕಿಲ್ಲ. ಸರ್ಕಾರಿ ನೇಮಕಾತಿ ವರ್ಷಗಟ್ಟಲೆ ಕಾಯಿಸುತ್ತದೆ ಎಂಬುದೂ ನಿಜ. ಆದರೆ ಬಾಗಿಲು ಒಂದೇ ಅಲ್ಲ. ಜಲಸಂಪನ್ಮೂಲ ಮತ್ತು ಸಣ್ಣ ನೀರಾವರಿ ಇಲಾಖೆಗಳು, ಕರ್ನಾಟಕ ನೀರಾವರಿ ನಿಗಮ, ಕೃಷ್ಣಾ ಭಾಗ್ಯ ಜಲ ನಿಗಮ, ನಗರ ನೀರು ಸರಬರಾಜು ಮಂಡಳಿ, ಯುಪಿಎಸ್‌ಸಿ ಮೂಲಕ ಕೇಂದ್ರ ಜಲ ಆಯೋಗ, ಹೆದ್ದಾರಿ-ರೈಲು ಸೇತುವೆಗಳ ವಿನ್ಯಾಸ ಮಾಡುವ ಖಾಸಗಿ ಸಂಸ್ಥೆಗಳು ಇವೆ. ಗಲ್ಫಿನಲ್ಲೂ ಬೇಡಿಕೆ ಉಂಟು. 2009ರ ನವೆಂಬರಿನಲ್ಲಿ ಜಿದ್ದಾದಲ್ಲಿ ಒಂದು ದಿನದ ಮಳೆಗೆ ನೂರಕ್ಕೂ ಹೆಚ್ಚು ಜೀವ ಹೋಯಿತು; 2024ರ ಎಪ್ರಿಲ್ 16ರಂದು ದುಬೈ ಮುಳುಗಿದ್ದನ್ನು ನಮ್ಮ ಮಕ್ಕಳೇ ಅಲ್ಲಿಂದ ವೀಡಿಯೊ ಕಳುಹಿಸಿದರು. ಮರುಭೂಮಿಯ ನಗರಗಳೂ ಈಗ ಮಳೆ ನೀರಿನ ದಾರಿ ಹುಡುಕುತ್ತಿವೆ. ಕಂಪ್ಯೂಟರೇ ಬೇಕು ಎನ್ನುವ ಹುಡುಗ-ಹುಡುಗಿಯರಿಗೂ ಇಲ್ಲಿ ಜಾಗವುಂಟು. ನೆರೆಯ ನಕ್ಷೆ ಮಾಡುವ ಹೆಕ್-ರಾಸ್, ಕ್ಯೂಜಿಐಎಸ್ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಕಲಿಯಲು ದೂರ ಹೋಗಬೇಕಾಗಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವೇ ಇದೆ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದೆ. ಧಾರವಾಡದಲ್ಲಿ 'ವಾಲ್ಮಿ' ಇದೆ. ಚಿಕ್ಕೋಡಿ, ನಿಪ್ಪಾಣಿಯಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ.

ಹಾಗಾಗಿ ನಮ್ಮ ಕೋರಿಕೆ ಸಣ್ಣದು. ಸಿವಿಲ್ ಓದುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ, ಹೈಡ್ರಾಲಿಕ್ಸಿನಲ್ಲಿ ಎಷ್ಟು ಅಂಕ ಬಂತೆಂದು ಕೇಳಿ ಬಿಡಬೇಡಿ. ನಮ್ಮ ಊರಿನ ಮೋರಿಗೆ ಎಷ್ಟು ನೀರು ಹಿಡಿಯುತ್ತದೆ, ಲೆಕ್ಕ ಹಾಕಿ ಹೇಳು ಎನ್ನಿ. ವಿದ್ಯಾರ್ಥಿವೇತನ ಕೊಡುವ ಜಮಾಅತ್‌ಗಳು ಪ್ರತಿ ವರ್ಷ ಒಬ್ಬರಿಗಾದರೂ ಈ ವಿಷಯದಲ್ಲಿ ಎಂ.ಟೆಕ್ ಓದಲು ನೆರವು ಕೊಡಲಿ. ನೆರೆ ಬಂದಾಗ ಅಕ್ಕಿ, ಚಾಪೆ, ಹೊದಿಕೆ ಕಳುಹಿಸುವುದು ಪುಣ್ಯದ ಕೆಲಸ, ಅದು ನಿಲ್ಲಬಾರದು. ಅದರ ಜೊತೆಗೆ, ನೀರು ಯಾವ ಗಂಟೆಗೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಮೊದಲೇ ಹೇಳಬಲ್ಲ ಒಬ್ಬ ಎಂಜಿನಿಯರನ್ನೂ ಕೊಟ್ಟರೆ, ಆ ಚಾಪೆ ಹಾಸುವ ಗಂಜಿ ಕೇಂದ್ರಕ್ಕೆ ಜನ ಜೀವಂತವಾಗಿ ಬಂದು ಸೇರುತ್ತಾರೆ.