ದಲ್ಲಾಳಿಯ ಪರವಾಗಿ

ದಲ್ಲಾಳಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಾಲಗೆಯ ತುದಿಯಲ್ಲೇ ಇರುತ್ತದೆ. ಅಡಿಕೆ ಮಂಡಿಯಲ್ಲಿ, ಬಾಡಿಗೆ ಮನೆಯಲ್ಲಿ, ಸೈಟಿನ ವ್ಯಾಪಾರದಲ್ಲಿ ಪೆಟ್ಟು ತಿಂದವರ ಅನುಭವ ಅದು. ಸುಳ್ಳೆನ್ನುವ ಧೈರ್ಯ ನನಗಿಲ್ಲ. ಆದರೆ ಒಂದು ಕಡೆ ಮೋಸಹೋದ ಮಾತ್ರಕ್ಕೆ ಎಲ್ಲ ಕಡೆಯಲ್ಲೂ ನಡುವಿನವನನ್ನು ಹೊರಗೆ ದಬ್ಬುವುದು ಜಾಣತನವಲ್ಲ. ಅಚ್ಚಿನ ಕೆಲಸದ ಮಟ್ಟಿಗೆ ನಾನು ದಲ್ಲಾಳಿಯ ಪಕ್ಷ. ಹಣ ಕಳೆದುಕೊಂಡು ಕಲಿತ ಪಾಠವಾದ್ದರಿಂದ ಕೊಂಚ ಗಟ್ಟಿಯಾಗಿಯೇ ಹೇಳುತ್ತೇನೆ.

ನಮ್ಮ ಸಂಘಕ್ಕೆ ಐವತ್ತು ತುಂಬಿದಾಗ ಸ್ಮರಣ ಸಂಚಿಕೆಯೊಂದನ್ನು ತರುವುದೆಂದು ತೀರ್ಮಾನವಾಯಿತು. 160 ಪುಟ, 1,000 ಪ್ರತಿ, ಡೆಮ್ಮಿ ಅಷ್ಟಮ ಆಕಾರ, ಬಣ್ಣದ ರಕ್ಷಾಪುಟ. ಕಾರ್ಯದರ್ಶಿಯಾದ ನನ್ನ ಹೆಗಲಿಗೆ ಹೊರೆ ಬಿತ್ತು. ಅಚ್ಚಿನ ಕೆಲಸ ಮಾಡಿಸಿಕೊಡುವವರೊಬ್ಬರನ್ನು ಗೆಳೆಯರು ಕರೆತಂದರು. ಅವರಿಗೆ ಸ್ವಂತ ಪ್ರೆಸ್ಸಿಲ್ಲವೆಂದು ತಿಳಿದದ್ದೇ ತಡ, ಸಮಿತಿಯ ಹಿರಿಯರು, "ಇವರಿಗ್ಯಾಕೆ ಕಮಿಷನ್ನು ಕೊಡಬೇಕು? ನೇರವಾಗಿ ಪ್ರೆಸ್ಸಿಗೇ ಹೋಗಿ ಸ್ವಾಮಿ" ಎಂದರು. ನಾನೂ ತಲೆಯಾಡಿಸಿದೆ. ಕಮಿಷನ್ ಉಳಿಸಿದ ಕೀರ್ತಿ ನನಗೆ ಬರಲಿ ಎಂಬ ಆಸೆಯೂ ಒಳಗಿತ್ತು.

ಮನೆಯ ಹತ್ತಿರದ ಒಂದು ಪ್ರೆಸ್ಸಿಗೆ ಹೋದೆ. ಮಾಲೀಕರು ಒಳ್ಳೆಯ ಮನುಷ್ಯರು. ಕಾಫಿ ತರಿಸಿದರು, ಆಗುತ್ತದೆ ಎಂದರು. ಅವರಲ್ಲಿದ್ದದ್ದು 15ಕ್ಕೆ 20 ಅಂಗುಲದ, ಒಂದೇ ಬಣ್ಣದ ಪುಟ್ಟ ಆಫ್‌ಸೆಟ್ ಯಂತ್ರ. ಅದರಲ್ಲಿ ಒಂದು ಸಲಕ್ಕೆ ನಮ್ಮ ಅಳತೆಯ ನಾಲ್ಕೇ ಪುಟ ಕೂರುತ್ತದೆ. ಎಂದರೆ 160 ಪುಟಕ್ಕೆ 40 ಪ್ಲೇಟು, 40 ಸಲ ಯಂತ್ರ ನಿಲ್ಲಿಸಿ ಹದಮಾಡುವ ಕೆಲಸ. 23ಕ್ಕೆ 36ರ ದೊಡ್ಡ ಯಂತ್ರದಲ್ಲಾದರೆ 16 ಪುಟ ಒಟ್ಟಿಗೆ ಕೂತು 10 ಪ್ಲೇಟಿನಲ್ಲಿ ಮುಗಿಯುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಾಲೀಕರು ಹೇಳಲಿಲ್ಲ.

ರಕ್ಷಾಪುಟದ ನಾಲ್ಕು ಬಣ್ಣಕ್ಕಾಗಿ ಅದೇ ಕಾಗದವನ್ನು ಅದೇ ಯಂತ್ರಕ್ಕೆ ನಾಲ್ಕು ಸಲ ಉಣಿಸಿದರು. ಬಣ್ಣಗಳು ಒಂದರ ಮೇಲೊಂದು ಕೂರದೆ, ಸ್ಥಾಪಕ ಅಧ್ಯಕ್ಷರ ತುಟಿಯ ಕೆಂಪು ಕೆನ್ನೆಗೆ ಜಾರಿತು. ಒಳಗೆ, ಯೂನಿಕೋಡಿನಲ್ಲಿ ಬೆರಳಚ್ಚಾಗಿದ್ದ ಲೇಖನಗಳನ್ನು ಹಳೆಯ ಅಕ್ಷರವಿನ್ಯಾಸಕ್ಕೆ ತಿರುಗಿಸುವಾಗ ಅರ್ಕಾವತ್ತುಗಳೆಲ್ಲ ದಿಕ್ಕಾಪಾಲಾದವು. 'ಕಾರ್ಯದರ್ಶಿ' ಎಂಬ ನನ್ನ ಪದವಿಯಲ್ಲೇ ಎರಡು ಅರ್ಕಾವತ್ತು. ಎರಡೂ ತಪ್ಪು ಅಕ್ಷರದ ಹೆಗಲೇರಿದ್ದವು. ಸಮಾರಂಭದ ದಿನ ಬಿಡುಗಡೆಗೆ ಬಂದದ್ದು 25 ಪ್ರತಿ. ಉಳಿದವು ಬಂದದ್ದು ಹನ್ನೆರಡು ದಿನ ಕಳೆದ ಮೇಲೆ. ಚಪ್ಪರ ಬಿಚ್ಚಿದ ಮೇಲೆ ನಮ್ಮ ಜಾಹೀರಾತನ್ನು ಯಾರು ನೋಡುತ್ತಾರೆಂದು ಜಾಹೀರಾತುದಾರರು ಹಣ ತಡೆಹಿಡಿದರು. ಹಾಗೆ ಹೋದ ಹಣ ನಾನು ಉಳಿಸಿದ ಕಮಿಷನ್ನಿಗಿಂತ ಹೆಚ್ಚು. ಕೊರತೆಯ ಒಂದು ಪಾಲನ್ನು ನನ್ನ ಕೈಯಿಂದಲೇ ತುಂಬಿದೆ.

ಆ ಮಾಲೀಕರು ಮೋಸಗಾರರೆ? ಖಂಡಿತ ಅಲ್ಲ. ಸಾಲ ಮಾಡಿ ಯಂತ್ರ ತಂದವನಿಗೆ ಯಂತ್ರದ ಹೊಟ್ಟೆ ತುಂಬಿಸುವ ಚಿಂತೆ. ಕಂತು ಕಟ್ಟಬೇಕು, ಕೆಲಸಗಾರರಿಗೆ ಸಂಬಳ ಕೊಡಬೇಕು. ಬಾಗಿಲಿಗೆ ಬಂದ ಕೆಲಸವನ್ನು 'ಇದು ನನ್ನ ಯಂತ್ರಕ್ಕೆ ತಕ್ಕುದಲ್ಲ, ಪಕ್ಕದ ಬೀದಿಗೆ ಹೋಗಿ' ಎಂದು ಕಳಿಸಲು ಅವನು ಸಂನ್ಯಾಸಿಯಾಗಿರಬೇಕು. ಆದ್ದರಿಂದ ಅವನು ನಿಮ್ಮ ಕೆಲಸವನ್ನು ತನ್ನ ಯಂತ್ರದ ಅಳತೆಗೆ ಕತ್ತರಿಸುತ್ತಾನೆ. ದಲ್ಲಾಳಿಗೆ ಯಂತ್ರವಿಲ್ಲ. ನಮ್ಮ ಹಿರಿಯರು ಕುಂದೆಂದು ಎಣಿಸಿದ್ದು ಇದನ್ನೇ. ನಾನು ಗುಣವೆನ್ನುವುದೂ ಇದನ್ನೇ. ಯಾವ ಯಂತ್ರದ ಹಸಿವೂ ಅವನ ತಲೆಯ ಮೇಲಿಲ್ಲದ್ದರಿಂದ ಕೆಲಸಕ್ಕೆ ತಕ್ಕ ಯಂತ್ರವನ್ನು ಹುಡುಕಬಲ್ಲ.

ಹುಡುಕುವ ಅಗತ್ಯವೂ ಇಂದು ಹೆಚ್ಚಿದೆ. ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟ 1894ರಲ್ಲಿ ಕಿಟೆಲ್ ಅವರ ನಿಘಂಟನ್ನು ಅಚ್ಚು ಹಾಕಿತು. ಅಂಥ ಕಾಲದಲ್ಲಿ ಒಂದು ಬಾಗಿಲಿಗೆ ಹೋದರೆ ಸಾಕಿತ್ತು. ಈಗ ಬೆಂಗಳೂರಿನ ಪೇಟೆಗಳಲ್ಲಿ ಪ್ಲೇಟು ಒಂದು ಗಲ್ಲಿಯಲ್ಲಿ, ಅಚ್ಚು ಇನ್ನೊಂದರಲ್ಲಿ, ಲ್ಯಾಮಿನೇಷನ್ ಮಗದೊಂದರಲ್ಲಿ, ಬೈಂಡಿಂಗು ಯಾವುದೋ ಮಹಡಿಯ ಮೇಲೆ. ಕಾಗದಕ್ಕೂ ನಾರಿನ ದಿಕ್ಕುಂಟು. ಅದು ಪುಸ್ತಕದ ಬೆನ್ನಿಗೆ ಅಡ್ಡವಾದರೆ ಹಾಳೆ ಸೆಟೆದು ನಿಲ್ಲುತ್ತದೆ, ರಕ್ಷಾಪುಟ ಮಡಿಕೆಯಲ್ಲಿ ಬಿರಿಯುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಬೆಳಕಿನಿಂದ ಹೊಳೆದ ಬಣ್ಣ ಕಾಗದದ ಮೇಲೆ ಶಾಯಿಯಾಗಿ ಮಂಕಾಗುತ್ತದೆ. ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಕಾರ್ಯದರ್ಶಿಗೆ ಇದೆಲ್ಲ ಹೇಗೆ ತಿಳಿಯಬೇಕು?

ಮರುವರ್ಷ ಅದೇ ದಲ್ಲಾಳಿಯ ಮನೆ ಹುಡುಕಿಕೊಂಡು ಹೋದೆ. ಬಾರದ ಮುಖ ಮಾಡಲಿಲ್ಲ. ಎಷ್ಟು ಪ್ರತಿ, ಯಾವ ದಿನಕ್ಕೆ, ಓದುವವರು ಯಾರು, ಎಷ್ಟು ವರ್ಷ ಬಾಳಬೇಕು ಎಂದು ಮೊದಲು ಕೇಳಿದರು. ದರ ಆಮೇಲೆ ಹೇಳಿದರು. ಜತೆಗೆ ಒಯ್ದಿದ್ದ 150 ಆಮಂತ್ರಣ ಪತ್ರಿಕೆಗಳ ಕೆಲಸ ನೋಡಿ, "ಇಷ್ಟಕ್ಕೆಲ್ಲ ಪ್ಲೇಟು ಮಾಡಿಸಬೇಡಿ, ಡಿಜಿಟಲ್ ಸಾಕು. ನಿಮ್ಮ ಬೀದಿಯಲ್ಲೇ ಆಗುತ್ತದೆ, ನನ್ನ ಕೈಗೆ ಕೊಡಲೂ ಬೇಡಿ" ಎಂದರು. ಯಂತ್ರವಿದ್ದವರ ಬಾಯಿಂದ ಈ ಮಾತನ್ನು ನಾನು ಕೇಳಿರಲಿಲ್ಲ.

ದಲ್ಲಾಳಿ ಸೇರಿದರೆ ದರ ಏರುವುದಿಲ್ಲವೆ ಎನ್ನುವಿರಿ. ಏರಲೇಬೇಕೆಂದಿಲ್ಲ. ವರ್ಷವಿಡೀ ಕೆಲಸ ತರುವವನಿಗೆ ಪ್ರೆಸ್ಸಿನವರು ಕೊಡುವ ದರ, ಒಂದು ಸಲ ಬಂದು ಹೋಗುವ ನನಗೆ ದಕ್ಕದು. ಅವನ ಪಾಲು ಎಷ್ಟೋ ಸಲ ಆ ಅಂತರದಲ್ಲೇ ಹುಟ್ಟುತ್ತದೆ. ಕೊಂಚ ಏರಿದರೂ, ಕೆಟ್ಟರೆ ಹಿಡಿದು ಕೇಳಲು ಒಬ್ಬ ಮನುಷ್ಯ ಸಿಕ್ಕುತ್ತಾನೆ. ಇಲ್ಲವಾದರೆ ಅಚ್ಚಿನವನು ಕಾಗದವನ್ನು, ಕಾಗದದವನು ಬೈಂಡರನ್ನು, ಬೈಂಡರು ಮಳೆಯನ್ನು ದೂರುತ್ತಾ ಕೂರುತ್ತಾರೆ.

ಕೆಟ್ಟ ದಲ್ಲಾಳಿಗಳೂ ಉಂಟು. ಒಳ್ಳೆಯ ಕಾಗದ ತೋರಿಸಿ ತೆಳ್ಳಗಿನದನ್ನು ಹಾಕುವವರು, ಎರಡೂ ಕಡೆ ಕಮಿಷನ್ ಮೇಯುವವರು ಇದ್ದಾರೆ. ಅದಕ್ಕೆ ಮದ್ದು ಸುಲಭ: ಕಾಗದದ ತೂಕ, ಅಳತೆ, ದಿನಾಂಕ ಬರವಣಿಗೆಯಲ್ಲಿರಲಿ, ಖಾಲಿ ಹಾಳೆಯ ಮಾದರಿ ಪುಸ್ತಕ ಕೈಗೆ ಬರಲಿ, ಕರಡಚ್ಚಿಗೆ ನೀವು ರುಜು ಹಾಕದೆ ಯಂತ್ರ ತಿರುಗದಿರಲಿ, ಪೂರ್ತಿ ಹಣ ಮುಂಗಡವಾಗಿ ಹೋಗದಿರಲಿ, ತೆರಿಗೆ ಸಹಿತ ಬಿಲ್ಲು ಬರಲಿ. ಇದಕ್ಕೆ ಒಪ್ಪದವನನ್ನು ಬಿಟ್ಟುಬಿಡಿ. ಆದರೆ ಅವನನ್ನು ಬಿಡಿ, ಆ ಕಸುಬನ್ನು ಹಳಿಯಬೇಡಿ.

ಈಗ ನಾನು ಕಾರ್ಯದರ್ಶಿಯಲ್ಲ. ಇಳಿಯುವ ಮುನ್ನ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿ ಬಂದಿದ್ದೇನೆ: "ದೊಡ್ಡ ಕೆಲಸವನ್ನು ಅಚ್ಚಿಗೆ ಕೊಡುವ ಮುನ್ನ, ಸ್ವಂತ ಯಂತ್ರವಿಲ್ಲದ ಬಲ್ಲವರೊಬ್ಬರನ್ನು ಕೇಳತಕ್ಕದ್ದು." ಹಿರಿಯರು ಗೊಣಗುತ್ತಲೇ ರುಜು ಹಾಕಿದರು.