ಆಟದಂಗಳದ ಶೂ, ದಿನವಿಡೀ ನಡೆಯುವ ಕಾಲು

ಏರ್ ಜೋರ್ಡನ್ 1 ಹಾಕಿಕೊಂಡು ಅಂಗಡಿಯ ಕನ್ನಡಿಯ ಮುಂದೆ ನಿಂತರೆ ಆಸೆ ಹುಟ್ಟದಿರದು. ಅದೇ ಜೋಡಿಯಲ್ಲಿ ಸಂಜೆಯವರೆಗೆ ಓಡಾಡಿದರೆ ಹಿಮ್ಮಡಿ ದೂರು ಹೇಳತೊಡಗುತ್ತದೆ. ಇಷ್ಟು ಹಣ ಕೊಟ್ಟೂ ಹೀಗೇಕೆ ಎಂದು ಅನೇಕರು ಕೇಳುತ್ತಾರೆ. ಉತ್ತರ ಆ ಶೂ ಹುಟ್ಟಿದ ಕಾರಣದಲ್ಲೇ ಇದೆ.

1985ರಲ್ಲಿ ಮಾರುಕಟ್ಟೆಗೆ ಬಂದ ಅದನ್ನು ವಿನ್ಯಾಸಕ ಪೀಟರ್ ಮೂರ್ ರೂಪಿಸಿದ್ದು ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಮರದ ನೆಲದ ಮೇಲೆ ಆಡಲೆಂದು. ಬ್ಯಾಸ್ಕೆಟ್‌ಬಾಲ್ ಆಟಗಾರ ಓಡುತ್ತಲೇ ಗಕ್ಕನೆ ನಿಲ್ಲುತ್ತಾನೆ, ಪಕ್ಕಕ್ಕೆ ಜಿಗಿಯುತ್ತಾನೆ. ಆಗ ಪಾದ ಒಳಗೆ ಜಾರಬಾರದು, ಸೋಲ್ ಒಂದು ಕಡೆಗೆ ವಾಲಬಾರದು. ಅದಕ್ಕೇ ಗಟ್ಟಿ ಚರ್ಮ, ಎತ್ತರದ ಕಾಲರ್, ಬಟ್ಟಲಿನಂಥ ರಬ್ಬರ್ ಸೋಲ್. ಬಟ್ಟಲಿನ ಅಂಚನ್ನು ಚರ್ಮಕ್ಕೆ ಸೇರಿಸಿ ಹೊಲಿದಿರುತ್ತಾರೆ. ಶೂವಿನ ಪಕ್ಕಕ್ಕೆ ಬೆರಳು ಸವರಿದರೆ ಆ ದಾರ ಕೈಗೆ ಸಿಗುತ್ತದೆ. ಹೊರಗೆ ದಪ್ಪವಾಗಿ ಕಾಣುವುದು ಈ ರಬ್ಬರ್ ಗೋಡೆ. ಒಳಗಿನ ಮೆತ್ತನೆಯ ಪದರ ತೆಳು, ಗಾಳಿ ತುಂಬಿದ ಚೀಲ ಇರುವುದು ಹಿಮ್ಮಡಿಯ ಕೆಳಗೆ ಮಾತ್ರ. ಇಂದಿನ ಓಟದ ಶೂಗಳ ಉಬ್ಬಿದ ಫೋಮನ್ನು ಇಲ್ಲಿ ತುಂಬಿದರೆ ನೆಲಕ್ಕಂಟಿದ ಆ ನೇರ ಗೆರೆ ಉಳಿಯುವುದಿಲ್ಲ. ನಾವು ಮೆಚ್ಚಿದ್ದು ಆ ಗೆರೆಯನ್ನೇ ಅಲ್ಲವೇ!

ಹೊರಗಿನ ರೂಪ ಕೆಡಿಸದೆ ಒಳಗನ್ನು ಒಂದಿಷ್ಟು ಸುಧಾರಿಸಬಹುದು. ಉದಾಹರಣೆಗೆ, ಕಾನ್ವರ್ಸ್ ಆಲ್ ಸ್ಟಾರ್ 1917ರಷ್ಟು ಹಳೆಯದು. ಕ್ಯಾನ್ವಾಸ್ ಬಟ್ಟೆ, ಚಪ್ಪಟೆ ರಬ್ಬರ್, ಅಷ್ಟೆ. ಅದರದೇ ರೂಪದ ಚಕ್ 70ರಲ್ಲಿ ಪಾದದಡಿಯ ಮೆತ್ತೆ ದಪ್ಪ, ವ್ಯತ್ಯಾಸ ಹಾಕಿಕೊಂಡ ಕೂಡಲೇ ತಿಳಿಯುತ್ತದೆ. ಬ್ರೂಸ್ ಕಿಲ್ಗೋರ್ ರೂಪಿಸಿದ 1982ರ ಏರ್ ಫೋರ್ಸ್ 1 ತೂಕದ್ದು. ಆದರೂ ಸೋಲ್ ದಪ್ಪವಿರುವುದರಿಂದ ನಿಂತುಕೊಳ್ಳಲು ಜೋರ್ಡನ್‌ಗಿಂತ ಅದೇ ಹಿತವೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕೊಳ್ಳುವುದು ಹೇಗೆ? ಮೊದಲು ಎಷ್ಟು ಹೊತ್ತು ಹಾಕಿಕೊಳ್ಳುತ್ತೀರಿ ಎಂದು ಲೆಕ್ಕ ಹಾಕಿ. ಸಿನಿಮಾ, ಗೆಳೆಯರ ಮನೆ, ಒಂದೆರಡು ಗಂಟೆಯ ತಿರುಗಾಟ ಎಂದರೆ ಮನಸ್ಸಿಗೆ ಹಿಡಿದದ್ದನ್ನೇ ಧಾರಾಳವಾಗಿ ಆರಿಸಿಕೊಳ್ಳಿ. ದಿನವಿಡೀ ನಿಂತು ದುಡಿಯುವವರಿಗೆ, ಹಿಮ್ಮಡಿ ನೋವು ಇರುವವರಿಗೆ ಈ ಶೂಗಳನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಸಂಜೆ, ಪಾದ ಸ್ವಲ್ಪ ಊದಿರುವಾಗ, ನೀವು ದಿನಾ ಹಾಕುವ ಕಾಲುಚೀಲದೊಂದಿಗೇ ಹಾಕಿ ನೋಡಿ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದ ಸಾಮಾನ್ಯವಾಗಿ ಮುಂಭಾಗದಲ್ಲಿ ಅಗಲ. ಕಿರುಬೆರಳು ಚರ್ಮಕ್ಕೆ ಒತ್ತುತ್ತಿದ್ದರೆ "ಹಾಕ್ತಾ ಹಾಕ್ತಾ ಸಡಿಲ ಆಗತ್ತೆ" ಎಂಬ ಮಾತಿಗೆ ಒಪ್ಪಬೇಡಿ. ಚರ್ಮ ಸ್ವಲ್ಪ ಹಿಗ್ಗೀತು, ರಬ್ಬರ್ ಬಟ್ಟಲು ಹಿಗ್ಗದು.

ಹಳೆಯ ಜೋಡಿ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. 1988ರ ಜೋರ್ಡನ್ 3ರಂಥ ಶೂಗಳ ಸೋಲಿನ ನಡುವೆ ಪಾಲಿಯುರೆಥೇನ್ ಇರುತ್ತದೆ. ಗಾಳಿಯ ತೇವ ಅದನ್ನು ವರ್ಷಗಟ್ಟಲೆ ಒಳಗೊಳಗೇ ಮುರಿಯುತ್ತ ಹೋಗುತ್ತದೆ; ಒಮ್ಮೆಯೂ ಹಾಕದೆ ಡಬ್ಬಿಯಲ್ಲಿ ಜೋಪಾನ ಮಾಡಿದ್ದರೂ ಬಿಡದು. ನಮ್ಮ ಕರಾವಳಿಯ ಹವೆಯಂತೂ ಅದಕ್ಕೆ ಹೇಳಿ ಮಾಡಿಸಿದ್ದು. ಹಣ ಕೊಡುವ ಮೊದಲು ಸೋಲಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ, ಆ ಜೋಡಿ ಕಪಾಟಿನಲ್ಲಿಟ್ಟು ನೋಡಲು ಮಾತ್ರ.