ಮಕ್ಕಳ ಕ್ಯಾನ್ಸರ್: ಲೆಕ್ಕ ಓದುವವರಿಗೂ ಹುದ್ದೆ ಬೇಕು

ಮಕ್ಕಳ ಕ್ಯಾನ್ಸರ್ ಎಂದೊಡನೆ ನಮಗೆ ನೆನಪಾಗುವುದು ವೈದ್ಯರು, ಔಷಧದ ಬೆಲೆ, ದಾನಿಗಳ ಔದಾರ್ಯ. ರೋಗಿಯನ್ನು ಒಮ್ಮೆಯೂ ಮುಟ್ಟದೆ, ಕಂಪ್ಯೂಟರಿನ ಮುಂದೆ ಕುಳಿತು ಆ ಮಗುವಿನ ವಂಶವಾಹಿಗಳನ್ನು ಓದುವ ಜೈವಿಕ ಮಾಹಿತಿ ವಿಶ್ಲೇಷಕರೂ ಚಿಕಿತ್ಸೆಯ ಭಾಗವೇ ಎಂಬುದನ್ನು ನಮ್ಮ ಆಡಳಿತ ಇನ್ನೂ ಮನಗಂಡಂತಿಲ್ಲ.

ಒಂದು ನಿದರ್ಶನ ನೋಡಬಹುದು. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ರಕ್ತದ ಕ್ಯಾನ್ಸರ್. ಅದರ ಮುಖ್ಯ ಬಗೆಗೆ 1953ರಿಂದ ಬಳಕೆಯಲ್ಲಿರುವ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ದೀರ್ಘಕಾಲ ಪ್ರತಿದಿನ ನುಂಗಿಸಬೇಕು. ಕೆಲವು ಮಕ್ಕಳಲ್ಲಿ ಅದೇ ಮಾತ್ರೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಆಗ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಇದಕ್ಕೆ ಟಿಪಿಎಂಟಿ ಎಂಬ ವಂಶವಾಹಿಯ ದೋಷ ಕಾರಣವೆಂದು ಪಾಶ್ಚಾತ್ಯ ಸಂಶೋಧಕರು ಹಿಂದೆಯೇ ಗುರುತಿಸಿದ್ದರು. ಐರೋಪ್ಯ ಮೂಲದವರ ಮಟ್ಟಿಗೆ ಅದು ಸರಿ. ಏಷ್ಯಾದವರಲ್ಲಿ ಆ ದೋಷ ವಿರಳ. ಆದರೂ ಹಲವರಿಗೆ ಔಷಧ ಒಗ್ಗುತ್ತಿರಲಿಲ್ಲ. ಸಾವಿರಾರು ಜನರ ವಂಶವಾಹಿಗಳನ್ನು ಅಂಕಿಅಂಶಗಳ ಮೂಲಕ ಹೋಲಿಸಿದ ಮೇಲೆ, 2014-15ರಲ್ಲಿ ಎನ್‌ಯುಡಿಟಿ15 ಎಂಬ ಇನ್ನೊಂದು ವಂಶವಾಹಿ ಪತ್ತೆಯಾಯಿತು. ಅದರ ಎರಡೂ ಪ್ರತಿಗಳಲ್ಲಿ ದೋಷವಿದ್ದ ಮಕ್ಕಳು ತಾಳಿಕೊಂಡದ್ದು ಉದ್ದೇಶಿತ ಪ್ರಮಾಣದ ಶೇ 10ಕ್ಕಿಂತ ಕಡಿಮೆ. ಭಾರತೀಯರಲ್ಲೂ ಟಿಪಿಎಂಟಿಗಿಂತ ಇದೇ ಹೆಚ್ಚು. ಬೇರೆ ಜನಸಮುದಾಯದ ಪಟ್ಟಿಯನ್ನಷ್ಟೇ ನೋಡಿ ನಮ್ಮ ಮಗುವಿಗೆ ಅಪಾಯವಿಲ್ಲವೆಂದು ಬರೆದುಕೊಟ್ಟರೆ ಆಗುವ ಅನಾಹುತವನ್ನು ಓದುಗರೇ ಊಹಿಸಬಹುದು.

ಅರ್ಥಶಾಸ್ತ್ರ ಓದಿದವನಾಗಿ ನನಗೆ ತೋರುವ ತೊಡಕು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರ್‌ಗೆ ತುತ್ತಾಗುತ್ತಾರೆ. ವಯಸ್ಕರ ಸಂಖ್ಯೆಗೆ ಹೋಲಿಸಿದರೆ ಇದು ಅತ್ಯಲ್ಪ. ಅದೂ ಹತ್ತಾರು ಬಗೆಗಳಲ್ಲಿ ಹಂಚಿಹೋಗಿದೆ. ಇಷ್ಟು ಸಣ್ಣ ಮಾರುಕಟ್ಟೆಗೆ ಖಾಸಗಿ ಬಂಡವಾಳ ತಾನಾಗಿ ಹರಿದು ಬರುವುದಿಲ್ಲ. ಅಲ್ಪಸಂಖ್ಯೆಯೇ ನಿಷ್ಪ್ರಯೋಜಕ ಎಂದೂ ಅಲ್ಲ. 1971ರಲ್ಲಿ ಅಮೆರಿಕದ ಆಲ್ಫ್ರೆಡ್ ನಡ್ಸನ್, ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೊಮಾದ ಕೇವಲ 48 ಪ್ರಕರಣಗಳ ವಯಸ್ಸು ಮತ್ತು ಕೌಟುಂಬಿಕ ವಿವರ ಹಿಡಿದು ಲೆಕ್ಕ ಹಾಕಿ, ಈ ರೋಗಕ್ಕೆ ಎರಡು ವಂಶವಾಹಿ ಪೆಟ್ಟುಗಳು ಬೇಕೆಂದು ತರ್ಕಿಸಿದರು. ಆ ವಂಶವಾಹಿಯನ್ನು ಪ್ರತ್ಯೇಕಿಸಲು 1986 ಬರಬೇಕಾಯಿತು. ಅಷ್ಟು ಕಡಿಮೆ ದಾಖಲೆಗಳಿಂದ ಅಷ್ಟು ದೊಡ್ಡ ಫಲ ಸಿಕ್ಕಿದ್ದು ಅವನ್ನು ಯಾರೋ ಶ್ರದ್ಧೆಯಿಂದ ಇಟ್ಟಿದ್ದರಿಂದ, ಇನ್ನೊಬ್ಬರು ಶ್ರದ್ಧೆಯಿಂದ ಓದಿದ್ದರಿಂದ.

ಬೆಂಗಳೂರಿನಲ್ಲಿ ಇದಕ್ಕೆ ಬೇಕಾದುದೆಲ್ಲ ಇದೆ. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆದಿದೆ. 2001ರಲ್ಲಿ ರಾಜ್ಯ ತನ್ನ ಜೈವಿಕ ತಂತ್ರಜ್ಞಾನ ನೀತಿ ಪ್ರಕಟಿಸಿತು; ಅದೇ ವರ್ಷ ಈ ವಿದ್ಯೆ ಕಲಿಸಲೆಂದೇ ಸಂಸ್ಥೆಯೊಂದು ಆರಂಭವಾಯಿತು. 10 ಸಾವಿರ ಭಾರತೀಯರ ಜೀನೋಮ್ ಓದಿದ ರಾಷ್ಟ್ರೀಯ ಯೋಜನೆಯನ್ನು ಸಮನ್ವಯಗೊಳಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ. ಆ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು.

ಇಲ್ಲದಿರುವುದು ಹುದ್ದೆ. ಬ್ಯಾಡರಹಳ್ಳಿಯ ನಮ್ಮ ಬೀದಿಯ ಯುವತಿಯೊಬ್ಬಳು ಇಂಥದೇ ಸಂಶೋಧನೆಯಲ್ಲಿ ದುಡಿಯುತ್ತಾಳೆ. ಮಾಗಡಿ ರಸ್ತೆಯ ದಟ್ಟಣೆ ದಾಟಿ ಎರಡು ಬಸ್ಸು ಬದಲಿಸಿ ಹೋಗಿಬರುವ ಆಕೆಯ ನೇಮಕ ಒಂದು ವರ್ಷದ್ದು. ಯೋಜನೆಯ ಅನುದಾನ ಮುಗಿದರೆ ಕೆಲಸವೂ ಮುಗಿಯಿತು. ಸಾಫ್ಟ್‌ವೇರ್ ಕಂಪನಿಗಳು ಇಮ್ಮಡಿ ಸಂಬಳಕ್ಕೆ ಕರೆಯುತ್ತಿವೆ. ಮುನ್ನೂರು ಮಕ್ಕಳ ಕಡತಗಳಲ್ಲಿ ಯಾವುದರ ಮಾದರಿ ಕೆಟ್ಟಿತ್ತು, ಯಾವ ಮಗುವಿನ ಹೆಸರು ಎರಡು ಬಾರಿ ನಮೂದಾಗಿತ್ತು ಎಂಬುದು ಆಕೆಗೆ ಗೊತ್ತು. ಹೊಸಬರು ಬಂದರೆ ಮತ್ತೆ ಮೊದಲಿನಿಂದ ಶುರು. ‘ಇವರ ಮನೆಯವರು ಊರು ಬಿಟ್ಟಿದ್ದಾರೆ, ಮಗು ಬದುಕಿದೆಯೋ ತಿಳಿಯದು ಎಂದಿದ್ದರೆ, ಆ ಮಗುವಿನ ಜೀನೋಮ್ ಓದಿಯೂ ಪೂರ್ತಿ ಉಪಯೋಗವಿಲ್ಲ’ ಎಂದು ಆಕೆ ಒಮ್ಮೆ ಹೇಳಿದ್ದುಂಟು.

ಅದು ಸರಿಯಾದ ಮಾತು. ದಾದಿಯರಿಗಿಂತ, ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ಹುಡುಕಿ ಕರೆತರುವ ಸಮಾಜ ಕಾರ್ಯಕರ್ತರಿಗಿಂತ ವಿಶ್ಲೇಷಕರು ಮುಖ್ಯರೆಂದು ನಾನು ವಾದಿಸುತ್ತಿಲ್ಲ. ಆದರೆ ಶ್ರೀಮಂತ ದೇಶಗಳಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳು ಗುಣಮುಖರಾಗುತ್ತಿದ್ದಾರೆ. 2030ರೊಳಗೆ ಎಲ್ಲೆಡೆ ಕನಿಷ್ಠ ಶೇ 60 ಮಕ್ಕಳು ಬದುಕುಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಗುರಿ ಇಟ್ಟಿದೆ.

ಸರ್ಕಾರಕ್ಕೆ ಇದು ಹೊಸ ಪ್ರಯೋಗವೇನಲ್ಲ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಸಿಬ್ಬಂದಿಯನ್ನು ಬೇರೆ ಬೇರೆ ಇಲಾಖೆಗಳಿಗೆ ನಿಯೋಜಿಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಅದೇ ಮಾದರಿಯಲ್ಲಿ ಜೈವಿಕ ಮಾಹಿತಿ ವಿಶ್ಲೇಷಕರ ಸಣ್ಣದೊಂದು ಕಾಯಂ ವೃಂದವನ್ನು ರಚಿಸಿ, ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳ ಮಕ್ಕಳ ವಿಭಾಗಗಳಿಗೆ ಕೊಡಬಹುದು. ಹಣಕಾಸು ಇಲಾಖೆ ಮೊದಲು ಕೇಳುವುದು, ಇಷ್ಟು ಕಡಿಮೆ ರೋಗಿಗಳಿಗೆ ಹುದ್ದೆಯ ಸಮರ್ಥನೆ ಏನು ಎಂದು. ಆರೋಗ್ಯ ಇಲಾಖೆಯ ಪ್ರಸ್ತಾವನೆ ಮೊದಲ ಪುಟದಲ್ಲಿಯೇ ಎನ್‌ಯುಡಿಟಿ15ರ ಪ್ರಕರಣವನ್ನು ಬರೆದು, ಮುಂದಿನ ಆಯವ್ಯಯದ ಸಿದ್ಧತೆಗೆ ಮುನ್ನವೇ ಕಡತವನ್ನು ಕಳುಹಿಸಲಿ.